ಚಳಿಗೆ ಬೆರಳು ಬಿಳಿಚಿಕೊಳ್ಳುತ್ತಿದೆ. ಬಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ. ತಗೊಳ್ಳಬೇಕಾ?

ಮೂಡಿಗೆರೆ ಟೀಚರ್ | ಡಿಸೆಂಬರ್ 8

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಮೂಡಿಗೆರೆ ಹತ್ತಿರ ಮನೆ, ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ಚಳಿಗಾಲ ಬಂತೆಂದರೆ ಬೆರಳುಗಳದ್ದೇ ಚಿಂತೆ.

ಬೆಳಗ್ಗೆ ಪಾತ್ರೆ ತೊಳೆಯಲು ನಲ್ಲಿ ನೀರಿಗೆ ಕೈ ಹಾಕಿದ ಕೂಡಲೇ ಶುರುವಾಗುತ್ತದೆ. ಮೊದಲು ಉಂಗುರದ ಬೆರಳು, ಆಮೇಲೆ ಅದರ ಪಕ್ಕದ್ದು. ತುದಿಯಿಂದ ಎರಡನೇ ಗೆಣ್ಣಿನವರೆಗೆ ಗೆರೆ ಎಳೆದ ಹಾಗೆ ಬೆಳ್ಳಗಾಗುತ್ತದೆ. ಮುಟ್ಟಿದರೆ ಗೊತ್ತಾಗುವುದಿಲ್ಲ, ಪೂರ್ತಿ ಮರಗಟ್ಟಿರುತ್ತದೆ. ಸ್ವಲ್ಪ ಹೊತ್ತಿಗೆ ನೀಲಿ. ಬಚ್ಚಲೊಲೆ ಮುಂದೆ ಕೂತು ಇಪ್ಪತ್ತು ನಿಮಿಷ ಆದ ಮೇಲೆ ಕೆಂಪಾಗಿ ಚುಳುಚುಳು ಅನ್ನುತ್ತದೆ. ಆ ಹೊತ್ತಿನ ಉರಿ ಜಾಸ್ತಿ. ಮೊದಲ ಪೀರಿಯಡ್ಡಿನಲ್ಲಿ ಸೀಮೆಸುಣ್ಣ ಹಿಡಿಯಲು ಆಗದೆ ಎಷ್ಟೋ ದಿನ ಮಕ್ಕಳ ಕೈಯಲ್ಲೇ ಬೋರ್ಡ್ ಬರೆಸಿದ್ದೇನೆ.

ಎರಡು ವರ್ಷ "ರಕ್ತ ಕಡಿಮೆ ಇದೆ" ಅಂತ ಕಬ್ಬಿಣದ ಮಾತ್ರೆ ನುಂಗಿದೆ. ಹಿಮೋಗ್ಲೋಬಿನ್ 12.4 ಆಯಿತು. ಬೆರಳು ಹಾಗೇ ಇದೆ. ಹೋದ ವಾರ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ನೋಡಿದ ತಕ್ಷಣ "ರೇನಾಡ್ಸ್" ಅಂದರು, ಚಳಿಗೆ ಬೆರಳಿನ ರಕ್ತನಾಳ ಬಿಗಿಯುವ ತೊಂದರೆಯಂತೆ. ಅಮ್ಲೋಡಿಪಿನ್ 5 ಮಿಲಿಗ್ರಾಂ ಬರೆದರು.

ನನಗೆ ಬಿಪಿ ಇಲ್ಲ. ಅಳೆದರೆ 104/66 ಬರುತ್ತದೆ. "ಬಿಪಿ ಮಾತ್ರೆ ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡುವ ಹಾಗಿಲ್ಲ" ಅಂತ ಅತ್ತೆ ಹೆದರಿಸಿದ್ದಾರೆ. ಮಾತ್ರೆ ಬೀರುವಿನಲ್ಲೇ ಇದೆ. ಇದನ್ನು ಅನುಭವಿಸಿದವರು ಯಾರಾದರೂ ಇದ್ದೀರಾ? ಏನು ಮಾಡಿದಿರಿ?

ಬೆಂಗಳೂರು ಎಸಿ ಆಫೀಸ್ | ಡಿಸೆಂಬರ್ 8

ನನಗೂ ಇದೇ ಇದೆ ಮೇಡಂ, ಕಾಲೇಜು ದಿನಗಳಿಂದ. ಚಳಿಗಾಲವೇ ಬೇಕಿಲ್ಲ, ಆಫೀಸಿನ ಎಸಿ ಸಾಕು. ಸೂಪರ್ ಮಾರ್ಕೆಟ್ಟಿನಲ್ಲಿ ಫ್ರೀಜರಿನಿಂದ ಬಟಾಣಿ ಪ್ಯಾಕೆಟ್ ಎತ್ತಿದರೂ ಸಾಕು. ಮೀಟಿಂಗಿಗೆ ಮುಂಚೆ ಟೆನ್ಶನ್ ಆದರೂ ಬೆರಳು ಬಿಳಿಚಿಕೊಳ್ಳುತ್ತದೆ. ಮಾತ್ರೆ ಇಲ್ಲದೆ ಹನ್ನೊಂದು ವರ್ಷದಿಂದ ನಿಭಾಯಿಸುತ್ತಿದ್ದೇನೆ. ಸಂಜೆ ವಿವರವಾಗಿ ಬರೆಯುತ್ತೇನೆ.

ವಾರ್ಡಿನ ಅಕ್ಕ | ಡಿಸೆಂಬರ್ 8

ಟೀಚರ್, ನಾನು 17 ವರ್ಷದಿಂದ ನರ್ಸ್. ಕೀಲು ಮತ್ತು ವಾತರೋಗದ ವಿಭಾಗದಲ್ಲಿ ಇಂಥವರನ್ನು ದಿನಾ ನೋಡುತ್ತೇನೆ. ನಿಮ್ಮ ಡಾಕ್ಟರ್ ಬದಲಿಗೆ ಹೇಳುತ್ತಿಲ್ಲ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಮಾತ್ರೆಯ ಭಯ. ಬೆರಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸ್ನಾಯು ಇರುತ್ತದೆ. ಚಳಿ ತಾಗಿದರೆ ಅದು ಎಲ್ಲರಲ್ಲೂ ಬಿಗಿಯುತ್ತದೆ. ಒಳಗಿನ ಶಾಖ ಹೊರಗೆ ಹೋಗದಿರಲಿ ಅಂತ ಮೈ ಮಾಡುವ ಉಪಾಯ ಅದು. ನಿಮ್ಮಲ್ಲಿ ಅದು ಅತಿಯಾಗಿ ಬಿಗಿದು ರಕ್ತವೇ ನಿಂತುಬಿಡುತ್ತದೆ. ಅದಕ್ಕೇ ಬಿಳಿ. ಉಳಿದ ರಕ್ತದ ಆಮ್ಲಜನಕ ಮುಗಿದಾಗ ನೀಲಿ. ನಾಳ ತೆರೆದು ರಕ್ತ ನುಗ್ಗಿದಾಗ ಕೆಂಪು. ಅಮ್ಲೋಡಿಪಿನ್, ಅದೇ ಗುಂಪಿನ ನಿಫೆಡಿಪಿನ್ ಆ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೋಗುವುದನ್ನು ತಡೆದು ಸಡಿಲ ಮಾಡುತ್ತವೆ. ಬಿಪಿ ಇಳಿಸುವುದೂ ಅದೇ ದಾರಿಯಲ್ಲಿ. ಒಂದೇ ಮಾತ್ರೆ, ಎರಡು ಕೆಲಸ.

ಸಾಯುವವರೆಗೆ ಅನ್ನುವುದು ಬಿಪಿ ಇದ್ದವರ ಮಾತು. ಅವರು ನಿಲ್ಲಿಸಿದರೆ ಬಿಪಿ ಮತ್ತೆ ಏರುತ್ತದೆ. ರೇನಾಡ್ಸ್‌ಗೆ ಎಷ್ಟೋ ಜನ ಚಳಿಗಾಲದಲ್ಲಿ ಮಾತ್ರ ತಗೊಂಡು ಬೇಸಿಗೆಯಲ್ಲಿ ಬಿಡುತ್ತಾರೆ. ಆದರೆ ನಿಮ್ಮ ಬಿಪಿ ಮೊದಲೇ ಕಡಿಮೆ. ಇನ್ನೂ ಸಣ್ಣ ಡೋಸಿನಿಂದ ಶುರು ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ತಲೆಸುತ್ತು, ತಲೆನೋವು, ಮುಖ ಬಿಸಿಯಾಗುವುದು, ಪಾದ ಊದಿಕೊಳ್ಳುವುದು, ಇವು ಬರಬಹುದು. ಇದರಿಂದ ಸಂಪೂರ್ಣ ನಿಲ್ಲುತ್ತದೆ ಅಂತಲೂ ಅಂದುಕೊಳ್ಳಬೇಡಿ. ಎಷ್ಟು ಸಲ ಬರುತ್ತದೆ, ಎಷ್ಟು ಜೋರಾಗಿ ಬರುತ್ತದೆ, ಅದು ಕಡಿಮೆಯಾಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಇದು ಯಾವ ಬಗೆಯದು? ಒಂದು, ಸುಮ್ನೆ ತಾನಾಗಿ ಬರುವುದು. ಸಾಮಾನ್ಯವಾಗಿ 15ರಿಂದ 30 ವರ್ಷದೊಳಗೆ ಶುರುವಾಗುತ್ತದೆ, ಹೆಣ್ಣುಮಕ್ಕಳಲ್ಲಿ ಜಾಸ್ತಿ, ಬೆರಳಿಗೆ ಹಾನಿ ಮಾಡುವುದಿಲ್ಲ. ಇನ್ನೊಂದು, ಬೇರೆ ಕಾಯಿಲೆಯ ಅಥವಾ ಬೇರೆ ಔಷಧಿಯ ನೆರಳಾಗಿ ಬರುವುದು. ಅದನ್ನು ಕಂಡುಹಿಡಿಯದೆ ಮಾತ್ರೆ ಮಾತ್ರ ಕೊಟ್ಟರೆ ಅರ್ಧ ಚಿಕಿತ್ಸೆ.

ದಯವಿಟ್ಟು ಇಷ್ಟು ಹೇಳಿ. ಎರಡೂ ಕೈಗೆ ಬರುತ್ತದಾ? ಹೆಬ್ಬೆರಳಿಗೂ ಬರುತ್ತದಾ? ಬೆರಳ ತುದಿಯಲ್ಲಿ ಮಾಯದ ಹುಣ್ಣು ಆಗಿದೆಯಾ? ಚರ್ಮ ಬಿಗಿದ ಹಾಗಿದೆಯಾ, ಉಂಗುರ ಸಿಕ್ಕಿಹಾಕಿಕೊಳ್ಳುತ್ತದಾ? ನುಂಗಲು ಕಷ್ಟ, ಎದೆಯುರಿ, ಕೀಲುನೋವು, ಒಣ ಕಣ್ಣು ಇದೆಯಾ? ಬೇರೆ ಯಾವ ಮಾತ್ರೆ ತಗೊಳ್ಳುತ್ತೀರಿ?

ಮೂಡಿಗೆರೆ ಟೀಚರ್ | ಡಿಸೆಂಬರ್ 9

ಅಕ್ಕಾ, ಇಷ್ಟು ಸಮಾಧಾನವಾಗಿ ಯಾರೂ ಹೇಳಿರಲಿಲ್ಲ. ಎರಡೂ ಕೈಗೆ ಬರುತ್ತದೆ, ಹೆಬ್ಬೆರಳಿಗೆ ಇಲ್ಲ. ಹುಣ್ಣು ಆಗಿಲ್ಲ. ನೀವು ಹೇಳಿದ ಬೇರೆ ಯಾವ ತೊಂದರೆಯೂ ಇಲ್ಲ.

ಮಾತ್ರೆ ಅಂದರೆ, ಮೈಗ್ರೇನಿಗೆ ಐದು ವರ್ಷದಿಂದ ಪ್ರೊಪ್ರನೊಲಾಲ್ 40 ತಗೊಳ್ಳುತ್ತೇನೆ. ಇದನ್ನು ಹೊಸ ಡಾಕ್ಟರಿಗೆ ಹೇಳಲಿಲ್ಲ. ತಲೆನೋವಿಗೂ ಬೆರಳಿಗೂ ಏನು ಸಂಬಂಧ ಅಂದುಕೊಂಡೆ.

ವಾರ್ಡಿನ ಅಕ್ಕ | ಡಿಸೆಂಬರ್ 9

ಸಂಬಂಧ ಇದೆ ಟೀಚರ್. ಪ್ರೊಪ್ರನೊಲಾಲ್ ಬೀಟಾ ಬ್ಲಾಕರ್ ಗುಂಪಿನದು, ಅಂದರೆ ಎದೆಬಡಿತ ನಿಧಾನ ಮಾಡುವ ಮಾತ್ರೆ. ಕೈಕಾಲು ತಣ್ಣಗಾಗುವುದು, ರೇನಾಡ್ಸ್ ಬರುವುದು ಅಥವಾ ಇದ್ದದ್ದು ಜೋರಾಗುವುದು ಅದರ ಗೊತ್ತಿರುವ ಅಡ್ಡಪರಿಣಾಮ. ನಿಮಗೆ ಮಾತ್ರೆ ಶುರುವಾದದ್ದು ಐದು ವರ್ಷದ ಹಿಂದೆ, ಬೆರಳು ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಅದೇ ಕಾರಣ ಅಂತ ನಾನು ಹೇಳಲಾರೆ, ಆದರೆ ನಾಳೆಯೇ ಡಾಕ್ಟರಿಗೆ ಹೇಳಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಇದನ್ನು ಓದಿ ಇವತ್ತು ರಾತ್ರಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಒಮ್ಮೆಗೇ ಬಿಟ್ಟರೆ ಎದೆಬಡಿತ, ಬಿಪಿ ದಿಢೀರನೆ ಏರಬಹುದು. ಹಂತ ಹಂತವಾಗಿ ಇಳಿಸಬೇಕು. ಮೈಗ್ರೇನಿಗೆ ಅಂತ ಎರ್ಗೊಟಮಿನ್ ಇರುವ ಮಾತ್ರೆಯನ್ನೂ ಮೆಡಿಕಲ್ ಶಾಪಿನಿಂದ ತರಬೇಡಿ. ಅದು ರಕ್ತನಾಳವನ್ನು ಇನ್ನೂ ಬಿಗಿಯುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಕೂಡ ಹಾಗೇ.

ಜೊತೆಗೆ ಎಎನ್ಎ ರಕ್ತಪರೀಕ್ಷೆ (ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೇ ತಿರುಗಿಬಿದ್ದ ಸುಳಿವು ಇದೆಯಾ ಅಂತ ನೋಡುವುದು), ಇಎಸ್ಆರ್ (ಉರಿಯೂತ ಇದೆಯಾ ಅಂತ ನೋಡುವುದು), ಥೈರಾಯ್ಡ್ ಮಾಡಿಸಬೇಕಾ ಅಂತ ಕೇಳಿ. ಸಾಧ್ಯವಾದರೆ ರುಮಟಾಲಜಿಸ್ಟ್ (ಕೀಲು, ವಾತರೋಗದ ಡಾಕ್ಟರ್) ಹತ್ತಿರ ಉಗುರಿನ ಬುಡದ ಪರೀಕ್ಷೆ. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕದಲ್ಲಿ ಅಲ್ಲಿನ ಕೂದಲಿಗಿಂತ ಸಣ್ಣ ರಕ್ತನಾಳ ನೋಡುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ನಾಳಗಳು ಹೇರ್‌ಪಿನ್ ಹಾಗೆ ಸಾಲಾಗಿದ್ದರೆ ಒಳ್ಳೆಯದು. ಉಬ್ಬಿ ದಪ್ಪವಾಗಿದ್ದರೆ, ಅಲ್ಲಲ್ಲಿ ಇಲ್ಲವೇ ಇಲ್ಲದಿದ್ದರೆ, ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮದಂಥ ಕಾಯಿಲೆಯ ಸುಳಿವು.

ಹಾಸನದ ಮೇಷ್ಟ್ರು | ಡಿಸೆಂಬರ್ 9

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ರೇನಾಡ್ಸ್ ಅನ್ನುತ್ತಾರೆ, ಫ್ರೆಂಚರ ಬಾಯಲ್ಲಿ ರೇನೋ. ಮೊರಿಸ್ ರೇನೋ 1862ರಲ್ಲಿ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಇದನ್ನು ವಿವರಿಸಿದ. ನರಗಳು ಅತಿಯಾಗಿ ಕೆರಳುವುದೇ ಕಾರಣ ಅಂತ ಆತನ ವಾದ. 1929ರಲ್ಲಿ ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್, ಅಲ್ಲ, ದೋಷ ಬೆರಳಿನ ನಾಳದಲ್ಲೇ ಇದೆ ಅಂದ. ಈಗ ಎರಡೂ ಸೇರಿರುತ್ತದೆ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಇದಕ್ಕೆ ಕುದಿಯುವ ನೀರಿಗೆ ಉಪ್ಪು ಹಾಕಿ ಕೈ ಅದ್ದುತ್ತಿದ್ದರು. ಜೊತೆಗೆ ಶುಂಠಿ ಮೆಣಸಿನ ಕಷಾಯ. ಆರಾಮ ಸಿಗುತ್ತಿತ್ತು. ಮಾತ್ರೆಗೆ ಓಡುವ ಮುಂಚೆ ಅದನ್ನೂ ನೋಡಬಹುದಲ್ವಾ?

ವಾರ್ಡಿನ ಅಕ್ಕ | ಡಿಸೆಂಬರ್ 9

ಮೇಷ್ಟ್ರೇ, ಕಷಾಯ ಕುಡಿಯಲಿ, ಮೈ ಬೆಚ್ಚಗಾದರೆ ಒಳ್ಳೆಯದೇ. ಆದರೆ ಸುಡುವ ನೀರು ಬೇಡ. ಮರಗಟ್ಟಿದ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಹಂಡೆ ನೀರಿಗೆ ಕೈ ಅದ್ದಿ ಬೊಬ್ಬೆ ಎದ್ದು ಬಂದವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ರಕ್ತ ಸರಿಯಾಗಿ ಹರಿಯದ ಬೆರಳಿನ ಗಾಯ ಬೇಗ ಮಾಯುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಅದನ್ನೂ ಮೊಣಕೈಯಲ್ಲಿ ಮುಟ್ಟಿ ನೋಡಿ, ಮಗುವಿನ ಸ್ನಾನದ ನೀರು ನೋಡುವ ಹಾಗೆ.

ಹಾಸನದ ಮೇಷ್ಟ್ರು | ಡಿಸೆಂಬರ್ 9

ಸರಿ ತಾಯಿ, ಒಪ್ಪಿದೆ. ಕುದಿಯುವ ನೀರು ಅಂತ ಬರೆದದ್ದು ತಪ್ಪು. ಯಾರೂ ಹಾಗೆ ಮಾಡಬೇಡಿ.

ಬೆಂಗಳೂರು ಎಸಿ ಆಫೀಸ್ | ಡಿಸೆಂಬರ್ 9

ಹೇಳಿದ ಹಾಗೆ ನನ್ನ ಅನುಭವ. ಎಎನ್ಎ ನೆಗೆಟಿವ್, ಉಗುರಿನ ಪರೀಕ್ಷೆ ನಾರ್ಮಲ್. ತಾನಾಗಿ ಬಂದ ಬಗೆ ಅಂತ ಖಾತ್ರಿಯಾದ ಮೇಲೆ ಮಾತ್ರೆ ಬೇಡ ಅಂದೆ.

ನಾನು ಕಲಿತ ದೊಡ್ಡ ವಿಷಯ, ಕೈಗವಸು ಹಾಕಿದರೆ ಸಾಲದು. ಎದೆ, ಬೆನ್ನು, ಕುತ್ತಿಗೆ, ತಲೆ ಬೆಚ್ಚಗಿರಬೇಕು. ಒಳಗೆ ಚಳಿ ಅನ್ನಿಸಿದರೆ ಮೈ ಮೊದಲು ಬೆರಳಿನ ರಕ್ತವನ್ನೇ ನಿಲ್ಲಿಸುತ್ತದೆ. ಒಳಗೊಂದು ತೆಳು ಉಣ್ಣೆ ಬನಿಯನ್, ಕುತ್ತಿಗೆಗೆ ಮಫ್ಲರ್. ಇದು ಶುರುವಾದ ಮೇಲೆ ಅರ್ಧಕ್ಕರ್ಧ ಕಡಿಮೆ ಆಯಿತು. ಮತ್ತೆ, ಚಳಿಗೆ ಹೋದ ಮೇಲೆ ಹಾಕುವುದಲ್ಲ, ಹೋಗುವ ಮುಂಚೆಯೇ ಹಾಕಬೇಕು. ಐದು ಬೆರಳಿನ ಗ್ಲೌಸಿಗಿಂತ ನಾಲ್ಕೂ ಬೆರಳು ಒಂದೇ ಚೀಲದಲ್ಲಿ ಕೂರುವ ಬಗೆ ವಾಸಿ, ಬೆರಳಿಗೆ ಬೆರಳಿನ ಶಾಖ ಸಿಗುತ್ತದೆ. ಬೈಕಿಗೆ ಅದು ಆಗುವುದಿಲ್ಲ, ಹಾಗಾಗಿ ಡಿಸೆಂಬರ್ ಜನವರಿ ನಾನು ಮೆಟ್ರೋ.

ಬಂದೇಬಿಟ್ಟರೆ ಕೈ ಎರಡನ್ನೂ ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ. ಜಾಗ ಇದ್ದರೆ ತೋಳನ್ನು ಬುಗುರಿ ಹಗ್ಗ ಬೀಸಿದ ಹಾಗೆ ದೊಡ್ಡದಾಗಿ ತಿರುಗಿಸುತ್ತೇನೆ, ರಕ್ತ ತುದಿಗೆ ನುಗ್ಗುತ್ತದೆ. ಸಿಗರೇಟು ಬಿಟ್ಟೆ. ನಿಕೋಟಿನ್ ಕೂಡ ನಾಳ ಬಿಗಿಯುತ್ತದೆ. ಕಾಫಿ ಬಿಡಲಿಲ್ಲ. ಕೆಲವರಿಗೆ ಕಾಫಿಯಿಂದ ಜಾಸ್ತಿಯಾಗುತ್ತದಂತೆ, ನನಗೆ ವ್ಯತ್ಯಾಸ ಕಾಣಲಿಲ್ಲ.

ಶಿವಮೊಗ್ಗದ ಅಮ್ಮ | ಡಿಸೆಂಬರ್ 10

ಇಲ್ಲಿ ಹೇಳಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಇನ್ನೊಬ್ಬ ಬಾಣಂತಿಗೆ ಉಪಯೋಗವಾಗಲಿ. ಇದು ಬೆರಳಿಗೆ ಮಾತ್ರ ಅಲ್ಲ. ಮಗು ಹಾಲು ಕುಡಿದು ಬಿಟ್ಟ ಮೇಲೆ ನನ್ನ ಮೊಲೆತೊಟ್ಟು ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಪ್ರಾಣ ಹೋಗುವಂಥ ನೋವು. ಎರಡು ತಿಂಗಳು ಫಂಗಸ್ ಅಂತ ಮುಲಾಮು ಹಚ್ಚಿದೆ. ಹಾಲು ನಿಲ್ಲಿಸಿಬಿಡು ಅಂದರು ಎಲ್ಲ. ಕೊನೆಗೆ ಒಬ್ಬರು ಡಾಕ್ಟರ್ "ಚಳಿಗೆ ಬೆರಳು ಬೆಳ್ಳಗಾಗುತ್ತದಾ?" ಅಂತ ಕೇಳಿದರು. ಆಗುತ್ತಿತ್ತು! ನಿಫೆಡಿಪಿನ್ ಕೊಟ್ಟರು. ಹಾಲಿಗೆ ಹೋಗುವುದು ತೀರಾ ಕಡಿಮೆ ಅಂತ ಧೈರ್ಯ ಹೇಳಿದರು. ಮಗು ಬಿಟ್ಟ ಕೂಡಲೇ ಬೆಚ್ಚಗಿನ ಬಟ್ಟೆ ಮುಚ್ಚುವುದೂ ಸಹಾಯ ಮಾಡಿತು. ಮಗನಿಗೆ ಒಂದೂವರೆ ವರ್ಷ ಹಾಲು ಕೊಟ್ಟೆ.

ಕಲ್ಲುಕ್ವಾರಿಯವರ ಮಗ | ಡಿಸೆಂಬರ್ 12

ಅಪ್ಪನಿಗೆ 56. ಚಾಮರಾಜನಗರದ ಕಡೆ ಗ್ರಾನೈಟ್ ಕ್ವಾರಿಯಲ್ಲಿ 22 ವರ್ಷ ಡ್ರಿಲ್ ಹಿಡಿದಿದ್ದಾರೆ. ಬೆಳಗಿನ ಜಾವ ಬೆರಳು ಬಿಳಿಚಿಕೊಳ್ಳುತ್ತದೆ, ಅಂಗಿ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ಹಗಲೂ ಜೋಮು. ಬಲಗೈ ತೋರುಬೆರಳ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಆಗಿ ಮೂರು ವಾರ ಆಯಿತು. ದಿನಕ್ಕೆ ಎರಡು ಕಟ್ಟು ಬೀಡಿ. "ವಯಸ್ಸಾಯಿತು, ಅದೆಲ್ಲ ಇರುತ್ತದೆ" ಅನ್ನುತ್ತಾರೆ. ಅವರಿಗೂ ಅಮ್ಲೋಡಿಪಿನ್ ತಂದುಕೊಡಲಾ?

ವಾರ್ಡಿನ ಅಕ್ಕ | ಡಿಸೆಂಬರ್ 12

ತಮ್ಮಾ, ಬೇಡ. ಮಾತ್ರೆ ತಂದುಕೊಡಬೇಡಿ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ವಾರವೇ, ಜಿಲ್ಲಾಸ್ಪತ್ರೆಯಾದರೂ ಸರಿ. ಕಪ್ಪು ಚುಕ್ಕೆ ಅಂದರೆ ಅಲ್ಲಿನ ಚರ್ಮ ರಕ್ತವಿಲ್ಲದೆ ಸಾಯುತ್ತಿರಬಹುದು. ನೋವು ಹೆಚ್ಚಾದರೆ, ಕಪ್ಪು ಹರಡಿದರೆ, ಕೀವು ಬಂದರೆ ವಾರ ಕಾಯಬೇಡಿ, ಅದೇ ದಿನ ಹೋಗಿ.

ಡ್ರಿಲ್ಲಿನ ನಡುಕದಿಂದ ಬೆರಳು ಬಿಳಿಚಿಕೊಳ್ಳುವುದು ನೂರು ವರ್ಷದಿಂದ ಗೊತ್ತಿರುವ ವಿಷಯ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್ ಎಂಬಲ್ಲಿ ಗಾಳಿಒತ್ತಡದ ಉಳಿ ಹಿಡಿಯುವ ಕಲ್ಲುಕುಟಿಗರ ಕೈ ನೋಡಿ ವರದಿ ಬರೆದರು. ನಮ್ಮ ಕ್ವಾರಿಗಳಲ್ಲಿ ಇವತ್ತಿಗೂ ಎಷ್ಟೋ ಜನಕ್ಕೆ ಇದು ಕೆಲಸದಿಂದ ಬಂದ ಕಾಯಿಲೆ ಅಂತ ಯಾರೂ ಹೇಳಿರುವುದಿಲ್ಲ. ಅದು ನನಗೆ ತುಂಬಾ ಸಂಕಟದ ವಿಷಯ. ಬೇಗ ಡ್ರಿಲ್ ಬಿಟ್ಟವರಿಗೆ ಬಿಳಿಚುವುದು ಕಡಿಮೆಯಾಗಬಹುದು. ಜೋಮು, ಹಿಡಿತ ಹೋಗುವುದು ಉಳಿದುಬಿಡಬಹುದು.

ಬೀಡಿ ಬೇರೆ. ಬೀಡಿ ಸಿಗರೇಟು ಸೇದುವವರಲ್ಲಿ ಬರ್ಗರ್ ಕಾಯಿಲೆ ಅಂತ ಇದೆ, ಕೈಕಾಲಿನ ನಾಳಗಳೇ ಒಳಗೆ ಮುಚ್ಚಿಕೊಳ್ಳುತ್ತವೆ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಔಷಧಿ ಬೀಡಿ ಪೂರ್ತಿ ಬಿಡುವುದು. ಕಡಿಮೆ ಮಾಡಿದರೆ ಸಾಲದು. 40 ದಾಟಿದ ಮೇಲೆ ಶುರುವಾದದ್ದು, ಒಂದೇ ಕೈಯಲ್ಲಿ ಜಾಸ್ತಿ ಇರುವುದು, ಹುಣ್ಣು ಆಗಿರುವುದು, ಇವು ಯಾವುದಿದ್ದರೂ ಮನೆಯಲ್ಲಿ ಕೂರುವ ಹಾಗಿಲ್ಲ.

ಇನ್ನೊಂದು, ಎಲ್ಲರಿಗೂ. ಪುಸ್ತಕದ ಫೋಟೋದಲ್ಲಿ ಬಿಳಿಯರ ಬೆರಳು ಇರುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣದೆ ಬೂದಿ ಬಳಿದ ಹಾಗೆ ಕಾಣಬಹುದು. ಅಂಗೈ ಕಡೆ ಮತ್ತು ಉಗುರಿನ ಕೆಳಗೆ ನೋಡಿ. ಬಂದಾಗ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಡಾಕ್ಟರ್ ಹತ್ತಿರ ಹೋದಾಗ ಬೆರಳು ಸರಿಯಾಗಿಯೇ ಇರುತ್ತದೆ.

ಮ್ಯಾಂಚೆಸ್ಟರ್ ಕನ್ನಡತಿ | ಡಿಸೆಂಬರ್ 14

ಊರು ದಾವಣಗೆರೆ, ಇಲ್ಲಿಗೆ ಬಂದು 19 ವರ್ಷ. ನನ್ನದು ಎರಡನೇ ಬಗೆ. 41ಕ್ಕೆ ಬೆರಳು ಬಿಳಿಚಲು ಶುರುವಾಯಿತು. ಎರಡು ವರ್ಷದ ಮೇಲೆ ಕೈ ಚರ್ಮ ಬಿಗಿಯಿತು. ಸ್ಕ್ಲೆರೋಡರ್ಮ ಅಂದರು. ಈ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ರೇನೋ ಇರುತ್ತದೆ, ಬಹಳ ಸಲ ಅದೇ ಮೊದಲ ಸೂಚನೆ. ಅದಕ್ಕೇ ವಾರ್ಡಿನ ಅಕ್ಕ ಕೇಳಿದ ಪ್ರಶ್ನೆಗಳನ್ನು ಯಾರೂ ಹಗುರವಾಗಿ ತಗೊಳ್ಳಬೇಡಿ.

ಜೋರಾದ ಕಾಯಿಲೆಗೆ ಏನೇನಿದೆ ಅಂತ ತಿಳಿದಿರಲಿ ಅಂತ ಬರೆಯುತ್ತೇನೆ. ನಿಫೆಡಿಪಿನ್‌ನಿಂದ ಪಾದ ಊದಿ ಚಪ್ಪಲಿ ಹತ್ತದಾಯಿತು. ಆಮೇಲೆ ಲೊಸಾರ್ಟನ್ ಅನ್ನುವ ಇನ್ನೊಂದು ಬಿಪಿ ಮಾತ್ರೆ ಕೊಟ್ಟರು, ನನಗೆ ಅಷ್ಟಾಗಿ ಹಿಡಿಯಲಿಲ್ಲ. ಖಿನ್ನತೆಗೆ ಕೊಡುವ ಫ್ಲುಆಕ್ಸಟಿನ್ ಕೂಡ ಕೆಲವರಿಗೆ ಕೊಡುತ್ತಾರೆ, ಬಿಪಿ ಕಡಿಮೆ ಇರುವವರಿಗೆ ಅದು ಅನುಕೂಲ. ಕೊನೆಗೆ ಸಿಲ್ಡೆನಾಫಿಲ್ ನನ್ನ ಕೈ ಹಿಡಿಯಿತು. ಗಂಡಸರ ಮಾತ್ರೆ ಅಂತ ಎಲ್ಲರೂ ತಿಳಿದಿರುವುದು ಅದೇ. ಅದು ಮೊದಲು ಹುಟ್ಟಿದ್ದು ಎದೆನೋವಿನ ಔಷಧಿ ಹುಡುಕುವಾಗ. ರಕ್ತನಾಳ ಹಿಗ್ಗಿಸುವುದೇ ಅದರ ಕೆಲಸ. ಊರಿಗೆ ಬಂದಾಗ ಮಾತ್ರೆ ಮುಗಿದು ಮೆಡಿಕಲ್ ಶಾಪಿಗೆ ಹೋದೆ. ಚೀಟಿ ನೋಡಿದ ಹುಡುಗ ನನ್ನ ಮುಖ ನೋಡಿ, ಪಕ್ಕದವನಿಗೆ ತೋರಿಸಿದ. ಕೈ ಮುಂದೆ ಚಾಚಿ ಬೆರಳು ತೋರಿಸಿದೆ. ಆಮೇಲೆ ಅವನೇ ತಲೆತಗ್ಗಿಸಿ ಕೊಟ್ಟ. ಅಕ್ಕತಂಗಿಯರೇ, ಇದಕ್ಕೆ ನಾಚಿಕೊಂಡು ಔಷಧಿ ತಪ್ಪಿಸಬೇಡಿ. ಒಂದು ಎಚ್ಚರಿಕೆ ಮಾತ್ರ. ಹೃದಯದ ನೈಟ್ರೇಟ್ ಮಾತ್ರೆ ಅಥವಾ ನೈಟ್ರೋಗ್ಲಿಸರಿನ್ ಮುಲಾಮಿನ ಜೊತೆ ಇದನ್ನು ಎಂದಿಗೂ ಸೇರಿಸಬಾರದು. ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಬೀಳುತ್ತದೆ.

ಎರಡು ಚಳಿಗಾಲದಲ್ಲಿ ಬೆರಳ ತುದಿ ಹುಣ್ಣಾಯಿತು. ಆಸ್ಪತ್ರೆಯಲ್ಲಿ ರಕ್ತನಾಳ ಹಿಗ್ಗಿಸುವ ಐಲೊಪ್ರಾಸ್ಟ್ ಡ್ರಿಪ್ ಹಾಕಿದರು. ದಿನಕ್ಕೆ 6 ಗಂಟೆ, ಸತತ 5 ದಿನ. ತಲೆ ಸಿಡಿಯುತ್ತದೆ, ದವಡೆ ನೋಯುತ್ತದೆ, ವಾಂತಿ ಬರುತ್ತದೆ. ಆದರೆ ಮೂರನೇ ದಿನ ಬೆರಳಿಗೆ ಬಿಸಿ ಬಂದಾಗ ಅತ್ತುಬಿಟ್ಟೆ. ಮತ್ತೆ ಮತ್ತೆ ಹೊಸ ಹುಣ್ಣು ಆಗದಿರಲಿ ಅಂತ ಈಗ ಬೊಸೆಂಟಾನ್ ತಗೊಳ್ಳುತ್ತೇನೆ. ಅದಕ್ಕೆ ಪ್ರತಿ ತಿಂಗಳು ಲಿವರ್ ಪರೀಕ್ಷೆ ಬೇಕು, ಬಸುರಿಯರು ತಗೊಳ್ಳುವ ಹಾಗೇ ಇಲ್ಲ. ಬೆರಳಿಗೆ ಬೊಟಾಕ್ಸ್ ಚುಚ್ಚುವುದೂ ಇದೆ, ಕೆಲವರಿಗೆ ಗುಣ, ಕೆಲವರಿಗೆ ಏನೂ ಇಲ್ಲ. ಬೆರಳಿನ ನಾಳದ ಸುತ್ತಲಿನ ನರ ಬಿಡಿಸುವ ಆಪರೇಷನ್ ಕಡೆಯ ದಾರಿ.

ಬೆಂಗಳೂರು ಎಸಿ ಆಫೀಸ್ | ಡಿಸೆಂಬರ್ 14

ಓದಿ ಮನಸ್ಸು ಭಾರವಾಯಿತು ಅಕ್ಕಾ. ಇಷ್ಟೆಲ್ಲ ಬರೆದಿದ್ದಕ್ಕೆ ಧನ್ಯವಾದ.

ದೇವನಹಳ್ಳಿಯಿಂದ | ಡಿಸೆಂಬರ್ 16

ನನ್ನ ಹೆಂಡತಿ ಇದಕ್ಕೇ ನಿಫೆಡಿಪಿನ್ ತಗೊಳ್ಳುತ್ತಾಳೆ. ಮಾತ್ರೆಯ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಇದೆ. ನಮ್ಮ ಹಿತ್ತಲಲ್ಲಿ ಚಕ್ಕೋತ ಇದೆ. ಅದೂ ಬಿಡಬೇಕಾ?

ವಾರ್ಡಿನ ಅಕ್ಕ | ಡಿಸೆಂಬರ್ 16

ಒಳ್ಳೆಯ ಪ್ರಶ್ನೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಕೂಡಿ. ಮೈಯೊಳಗೆ ಮಾತ್ರೆಯನ್ನು ಒಡೆದುಹಾಕುವ ಕಿಣ್ವವನ್ನು ತಡೆಯುವ ಅಂಶ ಚಕ್ಕೋತದಲ್ಲೂ ಇದೆ. ರಕ್ತದಲ್ಲಿ ಮಾತ್ರೆ ಜಾಸ್ತಿಯಾಗಿ ಬಿಪಿ ಇಳಿಯಬಹುದು. ಮಾತ್ರೆ ನಡೆಯುವಷ್ಟು ತಿಂಗಳು ಬಿಡುವುದು ಕ್ಷೇಮ. ಮೋಸಂಬಿ, ಕಿತ್ತಳೆ ತೊಂದರೆಯಿಲ್ಲ. ನಿಫೆಡಿಪಿನ್ ನಿಧಾನವಾಗಿ ಬಿಡುಗಡೆಯಾಗುವ ಬಗೆಯೇ ಇರಲಿ, ಜಗಿಯಬಾರದು, ಮುರಿಯಬಾರದು.

ಕಲ್ಲುಕ್ವಾರಿಯವರ ಮಗ | ಡಿಸೆಂಬರ್ 21

ಅಪ್ಪನನ್ನು ಕರೆದುಕೊಂಡು ಹೋದೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಮಣಿಕಟ್ಟಿನ ಒಂದು ನಾಳ ಮುಚ್ಚಿದೆ ಅಂತ ಬಂತು. ಬೆರಳು ಉಳಿಯುತ್ತದೆ ಅನ್ನುತ್ತಿದ್ದಾರೆ. ಬೀಡಿ ಬಿಟ್ಟು ಆರು ದಿನ. ಅಕ್ಕಾ, ನೀವು ಹೇಳದಿದ್ದರೆ ನಾನು ಮಾತ್ರೆ ತಂದುಕೊಟ್ಟು ಸುಮ್ಮನಾಗುತ್ತಿದ್ದೆ.

ಮೂಡಿಗೆರೆ ಟೀಚರ್ | ಫೆಬ್ರವರಿ 2

ಎಲ್ಲರಿಗೂ ತಿಳಿಸಬೇಕಿತ್ತು, ತಡವಾಯಿತು. ಡಾಕ್ಟರಿಗೆ ಪ್ರೊಪ್ರನೊಲಾಲ್ ವಿಷಯ ಹೇಳಿದೆ. ಮೂರು ವಾರದಲ್ಲಿ ಹಂತ ಹಂತವಾಗಿ ನಿಲ್ಲಿಸಿ, ಮೈಗ್ರೇನಿಗೆ ಬೇರೆ ಮಾತ್ರೆ ಕೊಟ್ಟರು. ಎಎನ್ಎ ನೆಗೆಟಿವ್. ಮಂಗಳೂರಿಗೆ ಹೋಗಿ ಉಗುರಿನ ಪರೀಕ್ಷೆಯೂ ಮಾಡಿಸಿದೆ, ನಾರ್ಮಲ್. ಅಮ್ಲೋಡಿಪಿನ್ ಸದ್ಯಕ್ಕೆ ಬೇಡ, ಮುಂದಿನ ಚಳಿಗಾಲಕ್ಕೆ ನೋಡೋಣ, ಬೇಕಾದರೆ 2.5ರಿಂದ ಶುರು ಮಾಡೋಣ ಅಂದರು.

ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಡಿಸೆಂಬರ್ ಎರಡನೇ ವಾರ 13 ಸಲ ಬಂದಿತ್ತು. ಹೋದ ವಾರ 4 ಸಲ. ಪೂರ್ತಿ ಹೋಗಿಲ್ಲ. ಈಗ ಚಳಿಯೂ ಕಡಿಮೆ, ಒಳಗೆ ಉಣ್ಣೆ ಬನಿಯನ್ನೂ ಇದೆ, ಯಾವುದರಿಂದ ಎಷ್ಟು ಅಂತ ಹೇಳಲಾರೆ. ಆದರೆ ಬೋರ್ಡ್ ನಾನೇ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ಸಂಕ್ರಾಂತಿಗೆ ತವರಿಗೆ ಹೋದಾಗ ಫೋನಿನಲ್ಲಿದ್ದ ಬೆರಳಿನ ಫೋಟೋ ಅಮ್ಮನಿಗೆ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ನಂದೂ ಹೀಗೇ ಆಗುತ್ತೆ, ಹಳ್ಳದಲ್ಲಿ ಬಟ್ಟೆ ಒಗೆಯೋ ಕಾಲದಿಂದ" ಅಂದರು. ಅವರಿಗೆ 63. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹುಣ್ಣು ಯಾವತ್ತೂ ಆಗಿಲ್ಲವಂತೆ. ಅವರಿಗೂ ಪರೀಕ್ಷೆ ಬೇಕಾ ಅಕ್ಕಾ?

ವಾರ್ಡಿನ ಅಕ್ಕ | ಫೆಬ್ರವರಿ 2

ತುಂಬಾ ಸಂತೋಷ ಟೀಚರ್. ತಾನಾಗಿ ಬರುವ ಬಗೆ ಮನೆತನದಲ್ಲಿ ಸಾಗುವುದುಂಟು. ಅಮ್ಮನಿಗೆ ಹರೆಯದಿಂದಲೂ ಒಂದೇ ಥರ ಇದ್ದರೆ, ಈಚೆಗೆ ಜೋರಾಗಿಲ್ಲದಿದ್ದರೆ ಗಾಬರಿ ಬೇಡ. ಮುಂದಿನ ಸಲ ಬಿಪಿ ಶುಗರ್ ತೋರಿಸಲು ಹೋದಾಗ ಇದನ್ನೂ ಹೇಳಲಿ. ಬಿಪಿಗೆ ಅವರು ಮಾತ್ರೆ ತಗೊಳ್ಳುತ್ತಿದ್ದರೆ ಅದರ ಹೆಸರು ನೋಡಿ ಹೇಳಿ.

ಮೂಡಿಗೆರೆ ಟೀಚರ್ | ಫೆಬ್ರವರಿ 3

ಫೋನ್ ಮಾಡಿ ಕೇಳಿದೆ. ಅಟೆನೊಲಾಲ್ 50. ಎಂಟು ವರ್ಷದಿಂದ.

ವಾರ್ಡಿನ ಅಕ್ಕ | ಫೆಬ್ರವರಿ 3

ಅದೂ ಬೀಟಾ ಬ್ಲಾಕರ್. ಅವರೇ ನಿಲ್ಲಿಸುವುದು ಬೇಡ. ಚೀಟಿ ತಗೊಂಡು ಡಾಕ್ಟರ್ ಹತ್ತಿರ ನೀವೇ ಜೊತೆಗೆ ಹೋಗಿ. ನಿಮ್ಮ ಬೀರುವಿನಲ್ಲಿರುವ ಅಮ್ಲೋಡಿಪಿನ್ ಅವರಿಗೆ ಕೊಟ್ಟುಬಿಡಬೇಡಿ. ಬದಲಿಸಬೇಕಾದರೆ ಅವರ ಡಾಕ್ಟರೇ ಬದಲಿಸಲಿ.